ವ್ಯಾಧಿವರ್ಷದಲ್ಲಿ ವಿದ್ಯಾಪೀಠ

ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣದ ದ್ವೀಪದಲ್ಲಿ ಪಶ್ಚಿಮಕ್ಕೆ ಕೋಟೆಯೂ ಪೂರ್ವಕ್ಕೆ ಗಂಜಾಂ ಪೇಟೆಯೂ ಇವೆ. ಟಿಪ್ಪುಸುಲ್ತಾನನು ಶಿರಾದಿಂದ ಕುಟುಂಬಗಳನ್ನು ಕರೆತಂದು ಈ ಪೇಟೆಯಲ್ಲಿ ನೆಲೆಗೊಳಿಸಿದನೆಂಬುದು ಇತಿಹಾಸಜ್ಞರಿಗೆ ವಿದಿತವಾದ ಸಂಗತಿ. 1800ರಲ್ಲಿ ಇಲ್ಲಿಗೆ ಬಂದ ಬುಕಾನನನು, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷದಷ್ಟಿದ್ದಿರಬೇಕೆಂದು ಅಂದಾಜುಮಾಡಿದನು. ಅವನು ಬಂದಾಗ ಅದು ಸುಮಾರು 32,000ಕ್ಕೆ ಇಳಿದಿದ್ದಿತು. ಯುದ್ಧದಿಂದಲೂ ರಾಜಧಾನಿಯು ಮೈಸೂರಿಗೆ ತೆರಳಿದುದರಿಂದಲೂ ಮೊದಲಾದ ಈ ಕ್ಷಯವನ್ನು ದ್ವೀಪದ ಜ್ವರವು ಮುಂದುವರಿಸಿತು. ಆ ಜ್ವರದ ಭಯದಿಂದಲೇ ಆಂಗ್ಲರ ಸೇನೆಯು ಕೆಲವು ವರ್ಷಗಳೊಳಗಾಗಿ ಬೆಂಗಳೂರಿಗೆ ಹೊರಟುಹೋಯಿತು. ಊರಿನ ಜೀವವು ನೆಲವನ್ನು ಆಶ್ರಯಿಸಿದುದು. ಜನರು ಚದುರಿದರೆ ಊರು ಕುಗ್ಗುತ್ತದೆ.

ವಿದ್ಯಾಪೀಠದ ವಿಷಯದಲ್ಲಿಯೂ ಇದು ನಿಜವೆ? ಗಂಜಾಮಿನಿಂದ ಹದಿನೈದು ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲದ ಮೈಸೂರಿನಲ್ಲಿ 1916ರ ಜುಲೈ 27ರಂದು ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಇಂತಹ ಪರೀಕ್ಷೆಗೆ ಎರಡು ಸಲ ಒಳಗಾಗಿದೆ.

ಮೊದಲನೆಯದು 1918ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ತಲೆದೋರಿದ ಇನ್‌ಫ್ಲುಯೆಂಜಾ ಜ್ವರವು ಮಳೆಗಾಲದ ಕೊನೆಯಲ್ಲಿ ಮತ್ತಷ್ಟು ಉಗ್ರವಾಗಿ ಮೈಸೂರು ಸಂಸ್ಥಾನವನ್ನೂ ಹೊಕ್ಕಿತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕ ಜನರು ಅದಕ್ಕೆ ತುತ್ತಾದರು. ವಿಶ್ವವಿದ್ಯಾನಿಲಯಕ್ಕೆ ಆಗ ಎರಡು ವರ್ಷಗಳ ಪ್ರಾಯ. ಹೆಚ್. ವಿ. ನಂಜುಂಡಯ್ಯನವರು ಅದರ ಉಪಕುಲಪತಿಗಳು. ಮೊದಲನೆಯ ಘಟಿಕೋತ್ಸವವೂ ಅದೇ ವರ್ಷ ನಡೆದು, ಕಲ್ಕತ್ತೆಯ ಆಶುತೋಷ ಮುಖರ್ಜಿಯವರು ಪದವೀಧರರನ್ನು ಉದ್ದೇಶಿಸಿ ಭಾಷಣಮಾಡಿದರು. ಮರುವರ್ಷ, ಎಂದರೆ 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ 'ಪ್ರಬುದ್ಧ ಕರ್ಣಾಟಕ'ವೆಂಬ ತ್ರೈಮಾಸಿಕವನ್ನು ಹೊರಡಿಸಿತು. ಜ್ವರಕ್ಕೂ ಪತ್ರಿಕೆಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೂ ಅಷ್ಟು ದೊಡ್ಡ ಸಾವನ್ನು ಕಂಡ ನಾಡಿನಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಹೊಸ ಕಾರ್ಯವೊಂದಕ್ಕೆ ಕೈಹಾಕಿದರೆಂಬುದು ಗಮನಾರ್ಹವಾದುದು. ಪತ್ರಿಕೆಯೆಂಬುದು ಕೊಠಡಿಯಿಲ್ಲದ ತರಗತಿ; ದೂರದಲ್ಲಿರುವವನೂ ಅದರಲ್ಲಿ ಕುಳಿತು ಕೇಳಬಲ್ಲನು.

ಎರಡನೆಯ ಪರೀಕ್ಷೆ 2020ರಲ್ಲಿ ಬಂದಿತು. ಕೋವಿಡ್ ವ್ಯಾಧಿಯ ನಿಮಿತ್ತ ಮಾರ್ಚ್ ತಿಂಗಳ ನಡುವೆ ಕರ್ಣಾಟಕದ ಕಾಲೇಜುಗಳೆಲ್ಲ ಮುಚ್ಚಿದುವು. 25ರಿಂದ ದೇಶವೇ ಸ್ತಬ್ಧವಾಯಿತು. ವಿದ್ಯಾರ್ಥಿಗಳು ಗಂಜಾಂ, ಪಾಂಡವಪುರ, ಕೆ. ಆರ್. ಪೇಟೆ, ನಾಗಮಂಗಲಗಳ ಕಡೆಯ ತಮ್ಮ ತಮ್ಮ ಮನೆಗಳನ್ನು ಸೇರಿದರು. ಮೇ ತಿಂಗಳಲ್ಲಿ ಮುಂಬಯಿಯಿಂದ ಹಿಂದಿರುಗಿದವರ ಮೂಲಕ ವ್ಯಾಧಿಯು ಕೆ. ಆರ್. ಪೇಟೆ, ನಾಗಮಂಗಲದ ಸೀಮೆಗಳಲ್ಲಿಯೂ ಕಾಣಿಸಿಕೊಂಡಿತು. ಪಾಠವು ದೂರವಾಣಿಯ ಪರದೆಯನ್ನೇರಿತು. ಉಳಿದ ತರಗತಿಯವರನ್ನು ಹಿಂದಿನ ಅಂಕಗಳ ಆಧಾರದಿಂದ ಮೇಲಕ್ಕೆ ಕಳುಹಿಸಿದರೂ, ಕೊನೆಯ ತರಗತಿಯವರ ಪರೀಕ್ಷೆ ನಡೆಯಲೇಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 28ರಂದು ಎತ್ತಿಹಿಡಿಯಿತು. ಅಕ್ಟೋಬರ್ 19ರಂದು ಮೈಸೂರು ವಿಶ್ವವಿದ್ಯಾನಿಲಯದ ನೂರನೆಯ ಘಟಿಕೋತ್ಸವವು ಮಿತವಾದ ಸಭೆಯಲ್ಲಿ ನೆರವೇರಿತು. ಪ್ರಧಾನಮಂತ್ರಿಗಳು ದೆಹಲಿಯಿಂದಲೇ ಭಾಷಣಮಾಡಿದರು. ನವೆಂಬರ್ 17ರಂದು ಕಾಲೇಜುಗಳ ಬಾಗಿಲು ಮತ್ತೆ ತೆರೆಯಿತು.

ಇಷ್ಟರಿಂದ ಎಲ್ಲವೂ ಸುರಕ್ಷಿತವಾಗಿ ಉಳಿಯಿತೆಂದು ಹೇಳಲಾಗದು. ಸಾಹಿತ್ಯದ ಬೋಧನೆಯನ್ನೇ ನೋಡಬಹುದು. ಹಳಗನ್ನಡದ ಪದ್ಯವನ್ನು ಅಧ್ಯಾಪಕನು ಪದಚ್ಛೇದಮಾಡಿ ಓದಿದಾಗಲೇ ಅದರ ಅರ್ಥ ತೆರೆಯುತ್ತದೆ. ಧ್ವನಿಯನ್ನು ಯಂತ್ರವು ಊರಿಂದೂರಿಗೆ ಒಯ್ಯಬಲ್ಲುದು. ಆದರೆ ಅರ್ಥವಾಗದ ವಿದ್ಯಾರ್ಥಿಯ ಮುಖವನ್ನು ಕಂಡು ಅಧ್ಯಾಪಕನು ಪದ್ಯವನ್ನು ಎರಡನೆಯ ಸಲ ಓದುವನಲ್ಲ, ಆ ಉಪಕಾರ ಅದರಿಂದ ಪೂರ್ಣವಾಗಿ ಆಗದು. ಮೇಲಾಗಿ, ಮನೆಗೊಂದೇ ದೂರವಾಣಿಯಿದ್ದು ಅದೂ ದುಡಿಯಲು ಹೋದವರ ಕೈಯಲ್ಲಿದ್ದರೆ, ಓದುವ ಹುಡುಗಿಗೆ ಪಾಠವು ಇದ್ದೂ ಇಲ್ಲದಂತೆಯೇ. ಗ್ರಂಥಾಲಯವೂ ಹಾಗೆಯೇ: ನಗರದಲ್ಲಿ ಎಲ್ಲರಿಗೂ ಸಮನಾಗಿದ್ದ ಪುಸ್ತಕದ ಕಪಾಟು, ಊರಿಗೆ ಹೋದೊಡನೆ ಉಳ್ಳವರಿಗೆ ಮಾತ್ರ ಎಟಕುವುದಾಯಿತು. ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸುವುದರಿಂದ ವಿಶ್ವವಿದ್ಯಾನಿಲಯವು ಎಷ್ಟು ಅಸಮಾನತೆಯನ್ನು ಮರೆಯಿಸುತ್ತಿದ್ದಿತೆಂಬುದು ಅವರು ಚದುರಿದಾಗಲೇ ಪ್ರಕಟವಾಯಿತು.

ಹಾಗಾದರೆ ನಿರ್ಣಯವೇನು? ಊರಿಗೂ ವಿದ್ಯಾಪೀಠಕ್ಕೂ ಭೇದವಿದೆ. ಜನರು ಬಿಟ್ಟ ಊರು ಗಂಜಾಮಿನಂತೆ ತನ್ನ ಮೊದಲಿನ ಗಾತ್ರವನ್ನು ಕಳೆದುಕೊಳ್ಳುತ್ತದೆ. ವಿದ್ಯಾಪೀಠವಾದರೋ, ಗುರುಶಿಷ್ಯರ ಸಂವಾದ, ಪರೀಕ್ಷೆಯ ನಿಯಮ, ಪ್ರಕಟವಾದ ವಿಚಾರ ಇವು ಮೂರು ನಿಲ್ಲದಿದ್ದರೆ, ಕಟ್ಟಡ ಬರಿದಾಗಿದ್ದಾಗಲೂ ಬದುಕಿರುತ್ತದೆ. ಆದರೆ ಆ ಬದುಕು ಎಲ್ಲರ ಪಾಲಿಗೂ ಸಮನಾಗಿ ಒದಗದು. ಸಂವಾದವು ಯಾರನ್ನು ತಲುಪಲಿಲ್ಲವೋ ಅವರ ಮಟ್ಟಿಗೆ ಆ ವರ್ಷ ವಿದ್ಯಾಪೀಠವು ಮುಚ್ಚಿಯೇ ಇದ್ದಿತು. ಆದುದರಿಂದ ವ್ಯಾಧಿವರ್ಷವನ್ನು ವಿದ್ಯಾಪೀಠವೊಂದು ದಾಟಿತೆಂದು ಹೇಳುವಾಗ, ಘಟಿಕೋತ್ಸವದಲ್ಲಿ ಪದವಿ ಪಡೆದವರನ್ನು ಎಣಿಸಿದರೆ ಸಾಲದು. ಊರಿನಿಂದ ಮರಳಿ ಬಾರದವರನ್ನೂ ಎಣಿಸತಕ್ಕದ್ದು. ಮುಂದೊಮ್ಮೆ ಬಾಗಿಲು ಮುಚ್ಚಬೇಕಾಗಿ ಬಂದರೆ ಮೊದಲು ಯಾರಿಗೆ ಪುಸ್ತಕವನ್ನು ಕಳುಹಿಸಬೇಕೆಂಬುದನ್ನು ಆ ಎಣಿಕೆಯೇ ತಿಳಿಸುವುದು.