ಶ್ರೀನಗರಕ್ಕೆ ಏಳು ಸಂಖ್ಯೆ

ಹೈಸ್ಕೂಲಿನ ಕಂಪ್ಯೂಟರ್ ಪಾಠ ಸಾಮಾನ್ಯವಾಗಿ ಒಂದು ಚಿತ್ರದಿಂದ ಶುರುವಾಗುತ್ತದೆ. ಎಡಗಡೆ ಕೀಲಿಮಣೆ, ನಡುವೆ ಸಿಪಿಯು ಎಂಬ ಡಬ್ಬ, ಬಲಗಡೆ ಪರದೆ, ಮಧ್ಯೆ ಮಧ್ಯೆ ಬಾಣದ ಗುರುತು. ಚಿತ್ರದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಅಚ್ಚುಕಟ್ಟಾಗಿ ಬಿಡಿಸಿ ಪೂರ್ತಿ ಅಂಕ ಗಿಟ್ಟಿಸಿದ ವಿದ್ಯಾರ್ಥಿಯನ್ನು ‘ಆ ಬಾಣದೊಳಗೆ ಹರಿಯುವುದೇನು?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಚಿತ್ರ ಅದನ್ನು ಹೇಳುವುದೇ ಇಲ್ಲವಲ್ಲ! ಕಂಪ್ಯೂಟರಿನ ಮೂಲತತ್ತ್ವ ಇರುವುದು ಬಿಡಿಭಾಗಗಳ ಹೆಸರಿನಲ್ಲಲ್ಲ, ಆ ಬಾಣಗಳಲ್ಲಿ. ಬಿಎಂಟಿಸಿ ಬಸ್ಸಿನ ಹಣೆಯ ಮೇಲಿನ ಎಲ್‌ಇಡಿ ಬೋರ್ಡಿನಲ್ಲಿ ಹೊಳೆಯುವ ‘ಶ್ರೀನಗರ’ ಎಂಬ ಒಂದೇ ಒಂದು ಪದವನ್ನು ಹಿಂಬಾಲಿಸಿದರೆ ಸಾಕು, ಈ ಮಾತು ಮನವರಿಕೆಯಾಗುತ್ತದೆ.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಈ ಪದಕ್ಕೆ ಏಳು ಕೀಲಿ ಬೇಕು: ಎಸ್, ಎಫ್, ಆರ್, ಐ, ಎನ್, ಜಿ, ಆರ್. ಎಸ್ ಮತ್ತು ಐ ಒತ್ತುವಾಗ ಶಿಫ್ಟ್ ಹಿಡಿದಿರಬೇಕು. ಎರಡನೆಯದಾದ ಎಫ್, ಶಕಾರದ ಸ್ವರವನ್ನು ಕಳಚಿ ಮುಂದಿನ ರಕಾರಕ್ಕೆ ಕೊಂಡಿ ಹಾಕುವ ಹಲಂತ. ಒತ್ತಿದ್ದು ಇಂಗ್ಲಿಷ್ ಗುರುತಿನ ಗುಂಡಿಗಳನ್ನೇ ಆದರೂ ಯಂತ್ರದೊಳಗೆ ಉಳಿಯುವುದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಅಲ್ಲಿರುವುದು 3254, 3277, 3248, 3264, 3240, 3223, 3248 ಎಂಬ ಸಂಖ್ಯೆಗಳ ಸಾಲು. ಕೊನೆಯದೂ ಮೂರನೆಯದೂ ಒಂದೇ, ಯಾಕೆಂದರೆ ಎರಡೂ ರಕಾರ. ಇವು ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಮನೆ ನಂಬರುಗಳು. 3200ರಿಂದ 3327ರವರೆಗಿನ 128 ನಿವೇಶನಗಳ ಬೀದಿ ಕನ್ನಡದ್ದು. ಅದರ ಹಿಂದಿನ ಬೀದಿ ತೆಲುಗಿನದು, ಮುಂದಿನದು ಮಲಯಾಳದ್ದು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅನುಕ್ರಮವಿರಲಿ ಎಂದು ನಮ್ಮ ದೇಶದಲ್ಲಿ ಮೊದಲೇ ಸಿದ್ಧವಾಗಿದ್ದ ಇಸ್ಕಿ ಸಂಕೇತದ ನಕ್ಷೆಯನ್ನು ಯುನಿಕೋಡ್ ಅನುಸರಿಸಿತು. ಹಾಗಾಗಿ ಈ ಏಳು ಸಂಖ್ಯೆಗಳಿಂದ ತಲಾ 128 ಕಳೆದರೆ ಶ್ರೀನಗರ ಅಲ್ಲೇ ತೆಲುಗು ಲಿಪಿಗೆ ತಿರುಗುತ್ತದೆ. ಲಿಪ್ಯಂತರ ಎನ್ನುವುದು ಇಲ್ಲಿ ಮೂರನೇ ತರಗತಿಯ ವ್ಯವಕಲನ.

ಮೆಮೊರಿಯೊಳಗೆ 3254 ಎಂದೂ ಬರೆದಿರುವುದಿಲ್ಲ. ಅಲ್ಲಿ ಹೌದು-ಅಲ್ಲ ಎಂಬ ಎರಡೇ ಸ್ಥಿತಿ. ಒಂದು ಅಥವಾ ಸೊನ್ನೆ ಕೂರುವ ಒಂದು ಜಾಗ ಬಿಟ್, ಎಂಟು ಬಿಟ್ ಸೇರಿದರೆ ಬೈಟ್. ಒಂದು ಬೈಟಿನಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255 ಆದ್ದರಿಂದ ನಮ್ಮ ಶಕಾರ ಅದರಲ್ಲಿ ಕೂರುವುದಿಲ್ಲ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿ ಅದನ್ನು 224, 178, 182 ಎಂಬ ಮೂರು ಬೈಟುಗಳಾಗಿ ಹಂಚುತ್ತದೆ. ಟೈಪ್ ಮಾಡುತ್ತಿರುವಾಗ ಇವು ಇರುವುದು ರ್‍ಯಾಮ್‌ನಲ್ಲಿ. ಅಲ್ಲಿನ ಒಂದೊಂದು ಬಿಟ್ಟೂ ಸೋರುವ ಕೊಡದಂಥ ಪುಟಾಣಿ ಕೆಪಾಸಿಟರಿನ ವಿದ್ಯುದಂಶ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಅದನ್ನು ಓದಿ ಮತ್ತೆ ತುಂಬಿಸುತ್ತಿರಬೇಕು. ಸೇವ್ ಮಾಡುವ ಮುನ್ನ ಕರೆಂಟು ಹೋದರೆ ಬರೆದದ್ದು ಮಾಯವಾಗುವ ಗುಟ್ಟು ಇದೇ. ಇನ್ನೂ ಮುಖ್ಯವಾದದ್ದು, ಆ ಮೂರು ಬೈಟುಗಳ ಮೇಲೆ ‘ನಾನು ಶಕಾರ’ ಎಂಬ ಹಣೆಪಟ್ಟಿ ಇಲ್ಲ. ಚಿತ್ರದ ತಂತ್ರಾಂಶದ ಕೈಗೆ ಸಿಕ್ಕರೆ ಅವೇ ಮೂರು ಒಂದು ಚುಕ್ಕಿಯ ಕೆಂಪು, ಹಸಿರು, ನೀಲಿ ಪ್ರಮಾಣಗಳು. ಲೆಕ್ಕದ ತಂತ್ರಾಂಶಕ್ಕೆ ಬರೀ ಮೊತ್ತ. ಪ್ರೊಸೆಸರ್ ಪಾಲಿಸಬೇಕಾದ ಆದೇಶಗಳೂ ದತ್ತಾಂಶದ ಪಕ್ಕದಲ್ಲಿ, ಅದೇ ಮೆಮೊರಿಯಲ್ಲಿ, ಸಂಖ್ಯೆಗಳಾಗಿಯೇ ಇರಲಿ ಎಂಬ ವಿಚಾರವನ್ನು ಜಾನ್ ವಾನ್ ನ್ಯೂಮನ್ ಅವರ ಹೆಸರಿನಲ್ಲಿ ಹೊರಬಂದ 1945ರ ವರದಿ ವಿವರಿಸಿತು. ಒಂದು ಆದೇಶವನ್ನು ತರಿಸಿಕೋ, ಅದೇನೆಂದು ಬಿಡಿಸಿಕೋ, ಪಾಲಿಸು, ಮುಂದಿನದಕ್ಕೆ ಹೋಗು: ಸಿಪಿಯುವಿನ ದಿನಚರಿ ಇಷ್ಟೇ.

ಹಾಗಾದರೆ ಸಂಖ್ಯೆ ಮತ್ತೆ ಅಕ್ಷರವಾಗುವುದು ಎಲ್ಲಿ? ಕಾಗುಣಿತ ಕಲಿತವರಿಗೆ ಇದು ಸೊಗಸಾದ ಭಾಗ. ಸಂಖ್ಯೆಗಳು ಸಾಲಾಗಿ ಕೂತಿರುವುದು ಉಚ್ಚಾರಣೆಯ ಕ್ರಮದಲ್ಲಿ: ಶ, ಹಲಂತ, ರ, ಆಮೇಲೆ ಈಕಾರ. ಆದರೆ ಕೈಬರಹದಲ್ಲಿ ನಾವು ಮೊದಲು ಶಕಾರಕ್ಕೆ ಗುಡಿಸು ಕೊಡುತ್ತೇವೆ, ಕೆಳಗೆ ರಒತ್ತು ಹಾಕುತ್ತೇವೆ, ಕೊನೆಗೆ ದೀರ್ಘ ಎಳೆಯುತ್ತೇವೆ. ಕಿವಿಯ ಕ್ರಮವೇ ಬೇರೆ, ಕಣ್ಣಿನ ಕ್ರಮವೇ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ನಿಯಮಗಳನ್ನು ಫಾಂಟ್ ಮತ್ತು ಲಿಪಿ ಜೋಡಿಸುವ ತಂತ್ರಾಂಶ ಹೊತ್ತಿರುತ್ತವೆ. ಪ್ರೊಸೆಸರ್ ಅವನ್ನು ಪಾಲಿಸುತ್ತದೆ. ಆ ನಿಯಮ ಕೈಕೊಟ್ಟಾಗಲೇ ಫಲಕಗಳಲ್ಲಿ ಒತ್ತಕ್ಷರ ಬಿರಿದು, ಹಲಂತ ಒಂದು ಕಡೆ, ಇಡೀ ರಕಾರ ಇನ್ನೊಂದು ಕಡೆ ಕೂತಿರುವುದು ಕಾಣುತ್ತದೆ. ಸಂಖ್ಯೆಗಳು ಸರಿಯಾಗಿಯೇ ಇರುತ್ತವೆ, ಜೋಡಣೆ ಮಾತ್ರ ತಪ್ಪಿರುತ್ತದೆ. ಎಲ್‌ಇಡಿ ದೀಪಗಳ ಸಾಲಿಗೆ ಮುಟ್ಟುವ ಹೊತ್ತಿಗಂತೂ ಅಕ್ಷರವೂ ಇಲ್ಲ, 3254 ಕೂಡ ಇಲ್ಲ. ಯಾವ ದೀಪ ಹತ್ತಬೇಕು, ಯಾವುದು ಆರಿರಬೇಕು ಎಂಬ ಒಂದು-ಸೊನ್ನೆಗಳ ಇನ್ನೊಂದು ಪಟ್ಟಿ ಅಷ್ಟೇ.

ಯಾವ ಸಂಖ್ಯೆ ಏನನ್ನು ಸೂಚಿಸಬೇಕು ಎಂಬುದೆಲ್ಲ ಬರೀ ಒಪ್ಪಂದ ಎಂದರೆ ಯಂತ್ರಕ್ಕೆ ಅನ್ಯಾಯವಲ್ಲವೇ, ಟ್ರಾನ್ಸಿಸ್ಟರ್ ಇಲ್ಲದೆ ಯಾವ ಒಪ್ಪಂದ ನಡೆದೀತು ಎಂದು ಆಕ್ಷೇಪಿಸಬಹುದು. ಟ್ರಾನ್ಸಿಸ್ಟರ್ ಬೇಕು, ನಿಜ. ಆದರೆ 1945ರ ಹೊತ್ತಿಗೆ ಇದ್ದದ್ದು ನಿರ್ವಾತ ನಳಿಕೆಗಳು. ಅವು ಹೋಗಿ ಚಿಪ್ ಬಂದರೂ ವಾನ್ ನ್ಯೂಮನ್ ವರದಿಯ ತತ್ತ್ವ ಉಳಿದಿದೆ. ಅತ್ತ ಯಂತ್ರ ಅದೇ ಇದ್ದು ಒಪ್ಪಂದ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ಯುನಿಕೋಡ್ ನೆಲೆಯೂರುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಯುರೋಪಿನ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿದ್ದವು. ಆ ಕಾಲದ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಬೈಟೂ ಕಳೆದಿರುವುದಿಲ್ಲ, ಒಂದು ಪದವನ್ನೂ ಓದಲಾಗುವುದಿಲ್ಲ.

ಇನ್ನೊಂದು ದೂರು ಇದೆ: ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡಕ್ಕೆ ಮೂರು, ಹಾಗಾಗಿ ಕನ್ನಡ ಕಂಪ್ಯೂಟರಿಗೆ ಭಾರವಾದ ಭಾಷೆ. ಲೆಕ್ಕ ಸರಿ, ತೀರ್ಮಾನ ತಪ್ಪು. 140 ಬೈಟಿನ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ ಎರಡು ಬೈಟಿನ ಪದ್ಧತಿಯಲ್ಲಿ 70 ಚಿಹ್ನೆ ಸಿಗುವುದೂ ನಿಜವೇ. ಆದರೆ ಇದು ಸಿಲಿಕಾನಿನ ಪಕ್ಷಪಾತವಲ್ಲ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಸಂಕೇತ ರೂಪಿಸಿದವರು ತಮ್ಮ ಭಾಷೆಗೆ ಬೇಕಾದಷ್ಟು 128 ಜಾಗ ಮಾಡಿಕೊಂಡರು, ಆಮೇಲೆ ಬಂದವರಿಗೆಲ್ಲ ದೂರದ ಬಡಾವಣೆ ಸಿಕ್ಕಿತು. ಭಾರವಂತೂ ಹೆಸರಿಗಷ್ಟೇ. ಮೊಬೈಲಿನಲ್ಲಿ ತೆಗೆದ 30 ಲಕ್ಷ ಬೈಟಿನ ಒಂದು ಫೋಟೋದ ಜಾಗದಲ್ಲಿ 10 ಲಕ್ಷ ಕನ್ನಡ ಚಿಹ್ನೆಗಳು, ಎಂದರೆ ಒಂದೆರಡು ದಪ್ಪ ಕಾದಂಬರಿಗಳು ಹಿಡಿಸುತ್ತವೆ.

ಹೆಚ್ಚು ಗಂಭೀರವಾದ ಆಕ್ಷೇಪ ಈಚಿನದು: ಈಗಿನ ಯಂತ್ರ ಕನ್ನಡದಲ್ಲೇ ಉತ್ತರ ಕೊಡುತ್ತದೆ, ಅದಕ್ಕೆ ಅಕ್ಷರ ಗೊತ್ತಿಲ್ಲವೆಂದರೆ ನಂಬುವುದು ಹೇಗೆ? ಎರಡು ಪ್ರಸಂಗಗಳನ್ನು ನೋಡಿ. ‘ಶ್ರೀ’ಯ ಈಕಾರವನ್ನು 3264 ಎಂಬ ಒಂದೇ ಚಿಹ್ನೆಯಾಗಿ ಕೊಡಬಹುದು, ಇಲ್ಲವೇ 3263ರ ಇಕಾರ ಮತ್ತು 3285ರ ದೀರ್ಘ ಎಂದು ಎರಡಾಗಿಯೂ ಕೊಡಬಹುದು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಒಂದು ಶ್ರೀನಗರಕ್ಕೆ ಏಳು ಸಂಖ್ಯೆ, ಇನ್ನೊಂದಕ್ಕೆ ಎಂಟು. ಎರಡನ್ನೂ ಸಮ ಎಂದು ಎಣಿಸು ಎಂಬ ನಿಯಮ ಬರೆಯದಿದ್ದರೆ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಇದರ ತಿರುವುಮುರುವು, ಬೆಂಗಳೂರಿನ ಹನುಮಂತನಗರದ ಪಕ್ಕದ ಶ್ರೀನಗರವೂ ಕಾಶ್ಮೀರದ ಶ್ರೀನಗರವೂ ಯಂತ್ರಕ್ಕೆ ಅವವೇ ಏಳು ಸಂಖ್ಯೆ. ನಮ್ಮ ಕಣ್ಣಿಗೆ ಒಂದಾದದ್ದು ಅದಕ್ಕೆ ಎರಡು, ನಮ್ಮ ತಿಳಿವಳಿಕೆಗೆ ಎರಡಾದದ್ದು ಅದಕ್ಕೆ ಒಂದು. ಮಾತಾಡುವ ಯಂತ್ರ ಸುತ್ತಲಿನ ಪದಗಳನ್ನು ಗಮನಿಸುತ್ತದೆ. ಹತ್ತಿರದಲ್ಲಿ ‘ಲಾಲ್ ಚೌಕ’ ಇದ್ದರೆ ಕಾಶ್ಮೀರ, ‘ಬನಶಂಕರಿ’ ಇದ್ದರೆ ಬೆಂಗಳೂರು ಎಂದು ಊಹಿಸುತ್ತದೆ. ಆ ಊಹೆಯೂ ಪದಗಳನ್ನು ತುಂಡರಿಸಿ, ತುಂಡಿಗೊಂದು ಸಂಖ್ಯೆ ಕೊಟ್ಟು ಮಾಡಿದ ಗುಣಾಕಾರ, ಸಂಕಲನಗಳ ಫಲ. ಅಂಚೆ ಇಲಾಖೆಗೂ ಇದೇ ತಲೆನೋವಿತ್ತು: ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಲಿಪಿ. ಅದು ಊಹೆಯ ಗೋಜಿಗೆ ಹೋಗದೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದಿತು. ಲಕೋಟೆಯ ಮೇಲೆ 560050 ಎಂದಿದ್ದರೆ ಶ್ರೀನಗರದ ಪತ್ರ ಕಾಶ್ಮೀರದ ದಾರಿ ಹಿಡಿಯುವುದಿಲ್ಲ.