ಚಿಕ್ಕ ಫ್ಲಶ್, ದೊಡ್ಡ ಪೇಚು

ಪೋಕರ್ ಆಟ. ಕೈಯಲ್ಲಿ ಆಟೀನಿನ ಐದು, ಆರು. ಮೇಜಿನ ಮೇಲೆ ಬಿದ್ದ ಮೂರೂ ಆಟೀನು. ಐದೂ ಆಟೀನು, ಅಂದರೆ ಫ್ಲಶ್ ಆಯ್ತು! ಇದ್ದದ್ದೆಲ್ಲ ಒಡ್ಡುವ ಮುನ್ನ ಸ್ವಲ್ಪ ತಡೀರಿ. ಮೇಜಿಗೆ ಇನ್ನೂ ಬೀಳಬೇಕಾದ ಎರಡು ಎಲೆಗಳಲ್ಲಿ ಮತ್ತೆ ಆಟೀನು ಬೀಳುವ ಸಾಧ್ಯತೆ ಸುಮಾರು ಶೇ 31. ಬಿದ್ದರೆ, ಎದುರಾಳಿಯ ಒಂಟಿ ಆಟೀನ್ ರಾಣಿಯೇ ನಿಮ್ಮನ್ನು ಸೋಲಿಸ್ತಾಳೆ. ಅದಕ್ಕೇ ಮೇಜಿನ ಮೇಲೆ ಮೂರು ಎಲೆ ಇದ್ದಾಗಲೇ ಪಣ ಏರಿಸಿ. ಮುಂದಿನ ಎಲೆ ಯಾರಿಗೂ ಅಗ್ಗವಾಗಿ ಸಿಗಬಾರದು. ನಾಲ್ಕನೇ ಆಟೀನು ಬಿದ್ದು ಎದುರಿಂದ ಭಾರಿ ಪಣ ಬಂತೇ? ಎಲೆ ಕೆಳಗಿಡಿ.

ಈ ಲೆಕ್ಕಾಚಾರ ನನ್ನ ಕಣ್ಣಿಗೆ ಕೌಶಲವೇ. ಆದರೆ ಗುಜರಾತ್ ಹೈಕೋರ್ಟ್ ಒಪ್ಪಲಿಲ್ಲ. 2017ರ ಡಿಸೆಂಬರ್‌ನಲ್ಲಿ ಪೋಕರ್ ಜೂಜೇ ಎಂದಿತು. ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಹಣದ ಪೋಕರ್ ಕೋಣೆ ನಡೆಸಿದರೆ 1887ರ ಜೂಜು ತಡೆ ಕಾಯ್ದೆ ಅನ್ವಯಿಸುತ್ತೆ. ಆನ್‌ಲೈನ್ ಹಣದಾಟಕ್ಕೆ 2025ರ ಕೇಂದ್ರ ಕಾಯ್ದೆಯ ನಿಷೇಧವಿದೆ. ಅಭ್ಯಾಸಕ್ಕೆ ಹಣವಿಲ್ಲದ ಚಿಪ್‌ ಸಾಕು.