ಸ್ಪ್ಯಾನಿಷ್ ಕ್ರಿಯಾಪದ: ಸಿರುಗುಪ್ಪದ ಮಕ್ಕಳಿಗೆ ಸುಲಭ!

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷೇ ಕಬ್ಬಿಣದ ಕಡಲೆ, ಇನ್ನು ಸ್ಪ್ಯಾನಿಷ್ ಎಲ್ಲಿಂದ ಬಂದೀತು? ಬಳ್ಳಾರಿಯ ಪಾಲಕರು ಹೀಗೆ ಕೇಳಿದರೆ ತಪ್ಪೇನಿಲ್ಲ. ಸ್ಪ್ಯಾನಿಷ್ ಪಠ್ಯ ತೆರೆದೊಡನೆ ಎದುರಾಗುವುದು ಕ್ರಿಯಾಪದಗಳ ಕೋಷ್ಟಕ. ಒಂದೊಂದು ಧಾತುವಿಗೂ ಆರಾರು ರೂಪ. ಆದರೆ ಅದಕ್ಕೆ ಹೆದರಬೇಕಾದವರು ಇಂಗ್ಲಿಷ್ ಮನೆಮಾತಿನವರೇ ಹೊರತು ಕನ್ನಡಿಗರಲ್ಲ.

‘ಕಂತಾರ್’ ಎಂದರೆ ಹಾಡುವುದು. (ನಮ್ಮ ಸಾಲದ ಕಂತಿಗೂ ಇದಕ್ಕೂ ಸಂಬಂಧವಿಲ್ಲ!) ಕೊನೆಯ ‘ಆರ್’ ತೆಗೆದು ಉಳಿದ ಭಾಗಕ್ಕೆ ಪ್ರತ್ಯಯ ಹಚ್ಚಿದರೆ ವರ್ತಮಾನ ಕಾಲ ಸಿದ್ಧ. ಕಂತೊ ಎಂದರೆ ಹಾಡುತ್ತೇನೆ, ಕಂತಸ್ ಹಾಡುತ್ತೀಯೆ, ಕಂತ ಹಾಡುತ್ತಾನೆ, ಕಂತಾಮೊಸ್ ಹಾಡುತ್ತೇವೆ, ಕಂತಾಯಿಸ್ ಹಾಡುತ್ತೀರಿ, ಕಂತನ್ ಹಾಡುತ್ತಾರೆ. ಹಾಡುತ್ತಾಳೆ ಎನ್ನಲೂ ‘ಕಂತ’ವೇ ಸಾಕು; ಅಲ್ಲಿ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ.

ಇಂಗ್ಲಿಷಿನಲ್ಲಿ ಬರಿದೆ ‘ಸಿಂಗ್’ ಎಂದರೆ ಹಾಡುವವರು ಯಾರೆಂದು ತಿಳಿಯದು. ‘ಐ’, ‘ವಿ’ ಎಂದು ಸೇರಿಸಲೇಬೇಕು. ಕನ್ನಡದಲ್ಲಿ ‘ನಾಳೆ ಹಾಡುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷಿನವರೂ ‘ಮನ್ಯಾನಾ ಕಂತೊ’ ಎನ್ನುತ್ತಾರೆ. ಮನ್ಯಾನಾ ಎಂದರೆ ನಾಳೆ. ವರ್ತಮಾನದ ರೂಪವೇ ನಾಳೆಯ ಮಾತಿಗೂ ಒದಗುವುದರಲ್ಲಿ ಎರಡೂ ಭಾಷೆಗಳು ಒಂದೇ. ಈ ಪ್ರತ್ಯಯಗಳ ವಿಚಾರ ನಮಗೇನು ಹೊಸತೆ? 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಪದಕ್ಕೆಂದೇ ಆಖ್ಯಾತ ಪ್ರಕರಣವನ್ನಿಟ್ಟ. ನೆಬ್ರಿಹಾ ಅವರ ಸ್ಪ್ಯಾನಿಷ್ ವ್ಯಾಕರಣ ಹೊರಬಂದದ್ದು 1492ರಲ್ಲಿ, ಹಂಪೆಯಿಂದ ವಿಜಯನಗರದ ಅರಸರು ಆಳುತ್ತಿದ್ದ ಕಾಲದಲ್ಲಿ.

ಗಡಿಭಾಗದ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಮಾತು ಮಾತ್ರ ಹಾಗೆ ಒಡೆಯಲಿಲ್ಲ. ಸಿರುಗುಪ್ಪ, ಕುರುಗೋಡಿನ ಕಡೆ ಕನ್ನಡದ ಜತೆ ತೆಲುಗೂ ಕಿವಿಗೆ ಬೀಳುತ್ತದೆ. ‘ಎರಡೂ ಬೆರೆಸಿ ಮಾತಾಡಬೇಡ’ ಎಂದು ಮಕ್ಕಳನ್ನು ಗದರಿಸುವ ಹಿರಿಯರು ಒಂದು ಸಂಗತಿ ಗಮನಿಸಬೇಕು. ಕನ್ನಡದಲ್ಲಿ ‘ನೀವು ಹಾಡುತ್ತೀರಿ’, ‘ಅವರು ಹಾಡುತ್ತಾರೆ’ ಬೇರೆ ಬೇರೆ. ತೆಲುಗಿನಲ್ಲಿ ‘ಮೀರು’ ಎಂದರೂ ‘ವಾಳ್ಳು’ ಎಂದರೂ ‘ಪಾಡುತಾರು’ ಒಂದೇ. ಸ್ಪೇನ್ ದೇಶದ ಬಹುಭಾಗದಲ್ಲಿ ಕಂತಾಯಿಸ್, ಕಂತನ್ ಎಂಬ ಭೇದ ಉಳಿದಿದೆ. ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ ‘ಕಂತಾಯಿಸ್’ ಬಳಕೆಯಲ್ಲಿಲ್ಲ. ‘ನೀವೆಲ್ಲ’ ಎನ್ನುವಾಗಲೂ ‘ಕಂತನ್’ ಎಂದೇ ಹೇಳುತ್ತಾರೆ. ಸ್ಪೇನಿನವರದು ಕನ್ನಡದ ದಾರಿ, ಮೆಕ್ಸಿಕೋದವರದು ತೆಲುಗಿನ ದಾರಿ! ಬೆಂಗಳೂರಿನ ಕಾನ್ವೆಂಟಿನಲ್ಲಿ ಇಂಗ್ಲಿಷನ್ನಷ್ಟೇ ಆಡಿ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾದೀತು.

ಹಾಗೆಂದು ಎಡವುವ ಜಾಗವೇ ಇಲ್ಲವೆಂದಲ್ಲ. ಗುರುಗಳೊಬ್ಬರನ್ನು ಗೌರವದಿಂದ ‘ಉಸ್ತೇದ್’ ಎನ್ನುವಾಗ ನಮ್ಮ ಮಕ್ಕಳು ರೂಢಿಯಂತೆ ಬಹುವಚನ ಹಚ್ಚಲು ಹೋಗುತ್ತಾರೆ. ಅಲ್ಲಿ ಬರಬೇಕಾದದ್ದು ಏಕವಚನದ ‘ಕಂತ’. ಅದು ಅಲ್ಲಿ ಅಗೌರವವಲ್ಲ.

‘ಏರ್’, ‘ಈರ್’ ಎಂದು ಮುಗಿಯುವ ಇನ್ನೆರಡು ಗುಂಪುಗಳಲ್ಲೂ ಕ್ರಮ ಇದೇ, ಸ್ವರವಷ್ಟೇ ಬದಲು: ‘ಕೊಮೇರ್’ ಅಂದರೆ ತಿನ್ನುವುದು, ಕೊಮೊ, ಕೊಮೆಸ್, ಕೊಮೆ, ಕೊಮೇಮೊಸ್. ಉಳಿದೆರಡನ್ನು ಮಕ್ಕಳೇ ಹೇಳಲಿ.